ಕ್ಯಾಸೆಟ್ಟಿನೊಳಗಿನ ಮದ್ದಲೆ ಯಾರದು?

(ಉಪನ್ಯಾಸದ ಬರಹ ರೂಪ)



ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟದ ಮನೆಗಳಲ್ಲಿ ಹಳೆಯ ಯಕ್ಷಗಾನ ಕ್ಯಾಸೆಟ್ಟುಗಳು ಇನ್ನೂ ಸಿಗುತ್ತವೆ. ಕೆಲವು ಅಂಗಡಿಯಲ್ಲಿ ಕೊಂಡವು. ಇನ್ನು ಕೆಲವು ಆಟದ ರಾತ್ರಿ ರಂಗಸ್ಥಳದ ಹತ್ತಿರ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡವು. ಮನೆಯವರು ಮುದ್ರಿಸಿದ ಇಂಥ ಕ್ಯಾಸೆಟ್ಟಿನ ಮೇಲೆ ಪ್ರಸಂಗದ ಹೆಸರಿದ್ದರೆ ಹೆಚ್ಚು. ಭಾಗವತರ ಹೆಸರೂ ಇದ್ದರೆ ಪುಣ್ಯ. ಮದ್ದಲೆ ಯಾರದು, ಚಂಡೆ ಯಾರದು ಎಂದು ಬರೆಯುವ ಅಗತ್ಯ ಆಗ ಕಾಣಲಿಲ್ಲ. ಆಟ ನೋಡಿದವರಿಗೆಲ್ಲ ಅದು ಗೊತ್ತೇ ಇತ್ತು. ಗೊತ್ತಿದ್ದವರು ಈಗ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತಿದೆ. ಹಾಗಾಗಿ ಬರಿಯ ಧ್ವನಿಯಿಂದಲೇ ವಾದ್ಯವನ್ನೂ ವಾದಕನನ್ನೂ ಗುರುತಿಸುವುದು ಹೇಗೆ ಎಂಬ ಪ್ರಶ್ನೆ ಎದ್ದಿದೆ.

ಇದು ಯಕ್ಷಗಾನಕ್ಕೆ ಮಾತ್ರ ಬಂದ ಪ್ರಶ್ನೆಯಲ್ಲ. ಇಂಗ್ಲೆಂಡಿನ ಬೀಟಲ್ಸ್ ತಂಡ 1964ರ ಏಪ್ರಿಲ್ 16ರಂದು ಲಂಡನ್ನಿನಲ್ಲಿ ‘ಎ ಹಾರ್ಡ್ ಡೇಸ್ ನೈಟ್’ ಎಂಬ ಹಾಡನ್ನು ಮುದ್ರಿಸಿತು. ಹಾಡು ಒಂದೇ ಒಂದು ಝೇಂಕಾರದಿಂದ ಆರಂಭವಾಗುತ್ತದೆ. ಅದರಲ್ಲಿ ಯಾವ ಯಾವ ವಾದ್ಯಗಳಿವೆ ಎಂಬ ವಾದ ದಶಕಗಳ ಕಾಲ ನಡೆಯಿತು. ಕೆನಡಾದ ಗಣಿತಜ್ಞ ಜೇಸನ್ ಬ್ರೌನ್ ಆ ಧ್ವನಿಯನ್ನು ಅದರ ಕಂಪನಾಂಕಗಳಾಗಿ ಬಿಡಿಸಿ ನೋಡಿ, ಗಿಟಾರುಗಳ ಜತೆಗೆ ಪಿಯಾನೊ ಕೂಡ ಇದೆ ಎಂದು ವಾದಿಸಿದರು. ಲೋಕವಿಖ್ಯಾತ ತಂಡ, ಒಳ್ಳೆಯ ಸ್ಟುಡಿಯೊ, ದಿನಾಂಕ ಸಹಿತ ದಾಖಲೆ ಎಲ್ಲ ಇದ್ದೂ ಈ ಪಾಡು. ಬಯಲಿನಲ್ಲಿ ಒಂದೇ ಮೈಕಿನಿಂದ ಮುದ್ರಿಸಿದ ಬಡಗುತಿಟ್ಟಿನ ಹಿಮ್ಮೇಳದ ಗತಿ ಏನೆಂದು ಊಹಿಸಬಹುದು.

ಹಿಮ್ಮೇಳದಲ್ಲಿ ವಾದ್ಯಗಳು ಹೆಚ್ಚೇನಿಲ್ಲ. ಭಾಗವತರ ಕೈಯಲ್ಲಿ ತಾಳ, ಪಕ್ಕದಲ್ಲಿ ಮದ್ದಲೆ, ಚಂಡೆ, ಹಿಂದೆ ಶ್ರುತಿ. ಪ್ರತಿಯೊಂದಕ್ಕೂ ತನ್ನದೇ ಗುರುತಿದೆ. ಮದ್ದಲೆ ಕಾಣಲು ಮೃದಂಗದಂತಿದ್ದರೂ ಗಾತ್ರದಲ್ಲಿ ಚಿಕ್ಕದು, ನಾದದಲ್ಲಿ ಏರು. ಮೃದಂಗದ ಎಡಮುಖಕ್ಕೆ ರವೆಯ ಕಣಕ ಹಚ್ಚುವುದರಿಂದ ಹುಟ್ಟುವ ಆಳದ ಗುಂಕಾರ ಇಲ್ಲಿ ಮುಖ್ಯವಲ್ಲ. ಭಾಗವತರ ಶ್ರುತಿಗೆ ಸೇರಿದ ನಾದವೇ ಮುಖ್ಯ.

ಚರ್ಮದ ವಾದ್ಯಕ್ಕೆ ಇಂಥ ಸ್ವರ ಬಂದದ್ದು ಹೇಗೆ? ಬರಿಯ ಚರ್ಮವನ್ನು ಬಿಗಿದು ಬಡಿದರೆ ಮೂಲ ಕಂಪನದ ಜತೆ ಅದರ 1.59 ಪಟ್ಟು, 2.14 ಪಟ್ಟು ಹೀಗೆ ಒಂದಕ್ಕೊಂದು ಹೊಂದದ ಕಂಪನಗಳು ಏಳುತ್ತವೆ. ಕಿವಿಗೆ ಅದು ಸದ್ದು ಮಾತ್ರ. ನಡುವೆ ಕರಣೆ ಹಾಕಿ ಭಾರ ಹೆಚ್ಚಿಸಿದರೆ ಅವು ಎರಡು ಪಟ್ಟು, ಮೂರು ಪಟ್ಟು ಎಂಬಂತೆ ಸರಿಯಾದ ಲೆಕ್ಕಕ್ಕೆ ಬರುತ್ತವೆ, ಸದ್ದು ಸ್ವರವಾಗುತ್ತದೆ. ಮೃದಂಗ, ತಬಲಾಗಳ ಈ ಗುಟ್ಟನ್ನು ಸಿ.ವಿ. ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಜತೆಗೂಡಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. 1934ರಲ್ಲಿ ಮತ್ತೆ ವಿಸ್ತಾರವಾಗಿ ಬರೆದರು. ಮದ್ದಲೆಯ ಪೆಟ್ಟಿನ ನಂತರ ಒಂದು ಕ್ಷಣ ಉಳಿಯುವ ಸ್ವರದ ಬಾಲಕ್ಕೆ ಕಾರಣ ಇದೇ. ಎರಡು ಕೋಲುಗಳಿಂದ ಬಾರಿಸುವ ಚಂಡೆಯ ಪೆಟ್ಟು ಮೊನಚು, ಗಿಡ್ಡ. ಅದರ ಉರುಳಿಕೆ ಮೈಲು ದೂರಕ್ಕೂ ಕೇಳುತ್ತದೆ.

ಶ್ರುತಿಯ ವಾದ್ಯವಂತೂ ಧ್ವನಿಮುದ್ರಣದ ಕಾಲವನ್ನೇ ಸೂಚಿಸಬಲ್ಲದು. ಹಿಂದೆ ಬಡಗಿನಲ್ಲಿ ಪುಂಗಿ ಇತ್ತು. ಆಮೇಲೆ ಹಾರ್ಮೋನಿಯಂ, ಕೊನೆಗೆ ವಿದ್ಯುತ್ ಶ್ರುತಿಪೆಟ್ಟಿಗೆ ಬಂತು. ಹಿಮ್ಮೇಳದ ನಡುವೆ ಪಿಟೀಲು, ಸ್ಯಾಕ್ಸೊಫೋನ್ ಕೇಳಿದರೆ ಅದು ಊರ ಬಯಲಾಟವಲ್ಲ, ಶಿವರಾಮ ಕಾರಂತರ ಪ್ರಯೋಗವಿರಬಹುದೇ ಎಂದು ವಿಚಾರಿಸಬೇಕು. ಯಕ್ಷಗಾನಕ್ಕೆ ಆ ವಾದ್ಯಗಳನ್ನು ತಂದವರು ಅವರು.

ಇಷ್ಟು ತಿಳಿದ ಮೇಲೂ ಟೇಪು ಮೋಸ ಮಾಡುತ್ತದೆ. ಕೈಯಲ್ಲಿ ಹಿಡಿದೊಯ್ಯುವ ಅನೇಕ ರೆಕಾರ್ಡರುಗಳಲ್ಲಿ ಸದ್ದು ಹೆಚ್ಚಾದಾಗ ತಾನಾಗಿಯೇ ಮಟ್ಟ ತಗ್ಗಿಸುವ ವ್ಯವಸ್ಥೆ ಇತ್ತು. ಚಂಡೆ ಮೊಳಗಿದೊಡನೆ ಭಾಗವತರ ದನಿ ಕುಗ್ಗುತ್ತದೆ, ಮದ್ದಲೆ ಮಾಯವಾಗುತ್ತದೆ. ಕೇಳುವವರು ‘ಇಲ್ಲಿ ಮದ್ದಲೆ ಬಿಟ್ಟಿದ್ದಾರೆ’ ಎಂದು ತೀರ್ಮಾನಿಸುತ್ತಾರೆ. ಬಿಟ್ಟದ್ದು ಮದ್ದಲೆಗಾರನಲ್ಲ, ಯಂತ್ರ.

ಇನ್ನೊಂದು ಮೋಸ ವೇಗದ್ದು. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಬಗೆಯ ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಬೆಳಗಿನ ಜಾವಕ್ಕೆ ಸೆಲ್ ಸೋತು ಮುದ್ರಣದ ವೇಗ ಶೇಕಡಾ 6ರಷ್ಟು ಇಳಿಯಿತು ಎಂದುಕೊಳ್ಳಿ. ಮರುದಿನ ಸರಿಯಾದ ವೇಗದಲ್ಲಿ ಕೇಳಿದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆ ಏರಿರುತ್ತದೆ. ಕಪ್ಪು ಎರಡರಲ್ಲಿ ಹಾಡಿದವರು ಬಿಳಿ ಮೂರರಲ್ಲಿ ಹಾಡಿದಂತೆ ಕೇಳುತ್ತದೆ, ಕೈಯೂ ಚುರುಕಾದಂತೆ ತೋರುತ್ತದೆ. ಇದನ್ನು ಪರೀಕ್ಷಿಸಲು ಒಂದು ಉಪಾಯವಿದೆ. ಮೈಕಿನ ವ್ಯವಸ್ಥೆಯಿಂದ ಟೇಪಿಗೆ ಸಣ್ಣ ಗುಂಯ್‌ಗುಟ್ಟುವಿಕೆ ಸೇರಿಕೊಂಡಿರುವುದುಂಟು. ಭಾರತದ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಗಣಕಯಂತ್ರದಲ್ಲಿ ಅಳೆದಾಗ ಆ ಸದ್ದು 50ರ ಬದಲು 53 ತೋರಿಸಿದರೆ ವೇಗ ಎಷ್ಟು ತಪ್ಪಿದೆಯೆಂದು ಲೆಕ್ಕ ಸಿಗುತ್ತದೆ. ಜನರೇಟರಿನ ಬೆಳಕಿನಲ್ಲಿ ನಡೆದ ಆಟಕ್ಕೆ ಮಾತ್ರ ಈ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ.

ವಾದ್ಯ ತಿಳಿದ ಮೇಲೆ ವಾದಕ ಯಾರು? ಯಂತ್ರದ ಸಹಾಯ ಇಲ್ಲಿಗೆ ಮುಗಿಯುತ್ತದೆ. ಪದ್ಯ ಎತ್ತುವಲ್ಲಿ ಮದ್ದಲೆ ಸೇರಿಕೊಳ್ಳುವ ಜಾಗ, ಬಿಡ್ತಿಗೆಯಲ್ಲಿ ಪೆಟ್ಟುಗಳ ಜೋಡಣೆ, ಮುಕ್ತಾಯಕ್ಕೆ ಮೊದಲು ಬಿಡುವ ಬಿಡುವು, ಇವೆಲ್ಲ ಕೈಬರಹದಂತೆ. ವರ್ಷಗಟ್ಟಲೆ ಕೇಳಿದ ಕಿವಿ ಅದನ್ನು ಕೂಡಲೇ ಹಿಡಿಯುತ್ತದೆ. ಆದರೆ ಶಿಷ್ಯನ ಕೈಯಲ್ಲಿ ಗುರುವಿನ ಕೈ ಕಾಣುವುದೂ ಇದೆ, ಕಿವಿಯೊಂದನ್ನೇ ನಂಬುವಂತಿಲ್ಲ. ಆಟದ ಕರಪತ್ರ ಉಳಿದಿದ್ದರೆ ಹೋಲಿಸಬೇಕು. ಕರಪತ್ರದಲ್ಲಿ ಅಚ್ಚಾದವರ ಬದಲು ಬೇರೆಯವರು ಕೂತಿರಬಹುದು ಎಂಬ ಎಚ್ಚರವೂ ಬೇಕು. ರಾತ್ರಿಯ ಮೊದಲ ಭಾಗಕ್ಕೆ ಸಂಗೀತಗಾರ, ನಂತರ ಮುಖ್ಯ ಭಾಗವತರು ಎಂಬ ಕ್ರಮವಿದ್ದ ಕಡೆ ಒಂದೇ ಆಟದ ಎರಡು ಕ್ಯಾಸೆಟ್ಟುಗಳಲ್ಲಿ ಹಿಮ್ಮೇಳವೇ ಬೇರೆಯಾಗಿರುತ್ತದೆ.

ಇಷ್ಟೆಲ್ಲ ಶ್ರಮ ಯಾಕೆ ಎಂದು ಕೇಳಬಹುದು. ಕಾಳಿಂಗ ನಾವಡರು 1990ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡರು. ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ, ಹೊಸ್ತೋಟ ಮಂಜುನಾಥ ಭಾಗವತರು 2020ರಲ್ಲಿ, ಸುಬ್ರಹ್ಮಣ್ಯ ಧಾರೇಶ್ವರರು 2024ರಲ್ಲಿ ಹೋದರು. ಅವರ ದನಿಗೆ ಹೆಸರು ಹಚ್ಚಲು ಯಾರೂ ತಡವರಿಸುವುದಿಲ್ಲ. ಆ ದನಿಯನ್ನು ಎತ್ತಿ ನಿಲ್ಲಿಸಿದ ಮದ್ದಲೆ, ಚಂಡೆಗಳ ಕಥೆ ಹಾಗಲ್ಲ. ಹೆಸರಾಂತ ಕೆಲವರನ್ನು ಬಿಟ್ಟರೆ, ಮೇಳದಿಂದ ಮೇಳಕ್ಕೆ ತಿರುಗಿ ಬದುಕು ಸವೆಸಿದ ಎಷ್ಟೋ ವಾದಕರು ಬಿಟ್ಟುಹೋದ ಆಸ್ತಿ ಈ ಟೇಪುಗಳಲ್ಲಿನ ನುಡಿತವೊಂದೇ. ಹೆಸರು ಅಳಿಸಿದರೆ ಆ ಆಸ್ತಿಗೆ ವಾರಸುದಾರರಿಲ್ಲ. ತಪ್ಪು ಹೆಸರು ಬಿದ್ದರೆ ಒಬ್ಬನ ಜೀವಮಾನದ ಸಾಧನೆ ಇನ್ನೊಬ್ಬನ ಖಾತೆಗೆ ಹೋಗುತ್ತದೆ. ಕಲಿಯುವ ಹುಡುಗರಿಗೂ ಪರಂಪರೆಯ ದಾರಿ ತಪ್ಪುತ್ತದೆ.

ಕೆಲಸ ದೊಡ್ಡದೇನಲ್ಲ. ಕ್ಯಾಸೆಟ್ಟನ್ನು ಮೊದಲು ಗಣಕಯಂತ್ರಕ್ಕೆ ಇಳಿಸಿಕೊಳ್ಳಬೇಕು. ಆಟ ಕಂಡ ಹಿರಿಯರಿಬ್ಬರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿಸಬೇಕು. ಒಟ್ಟಿಗೆ ಕೂರಿಸಿದರೆ ಒಬ್ಬರ ಮಾತಿಗೆ ಇನ್ನೊಬ್ಬರು ತಲೆಯಾಡಿಸುತ್ತಾರೆ. ಇಬ್ಬರೂ ಹೇಳಿದ ಹೆಸರನ್ನು, ಹೇಳಿದವರ ಹೆಸರನ್ನು, ಯಾವ ಪದ್ಯದಲ್ಲಿ ಗುರುತು ಸಿಕ್ಕಿತು ಎಂಬುದನ್ನು ಬರೆದಿಡಬೇಕು. ಒಮ್ಮತವಿಲ್ಲದಿದ್ದರೆ ‘ಇರಬಹುದು’ ಎಂದೇ ಬರೆಯಬೇಕು. ಪ್ರಾಮಾಣಿಕವಾದ ಒಂದು ‘ಇರಬಹುದು’ ಮುಂದೆ ಹುಡುಕುವವರಿಗೆ ದಾರಿ ತೋರಿಸುತ್ತದೆ. ಖಾಲಿ ಬಿಟ್ಟ ಚೀಟಿ ತೋರಿಸುವುದಿಲ್ಲ. ಟೇಪನ್ನು ಇನ್ನು ಹತ್ತು ವರ್ಷ ಬಿಟ್ಟಾದರೂ ಯಾರಾದರೂ ಒರೆಸಿ ಸರಿಪಡಿಸಿಯಾರು. ಗುರುತಿಸಬಲ್ಲ ಕಿವಿಗಳು ಅಷ್ಟು ಕಾಲ ಕಾಯಲಾರವು.