ತಾಯಿಯನ್ನು ಕೇಳಬೇಕಾದ ಪ್ರಶ್ನೆ



ಕೆಲವು ವರ್ಷಗಳ ಹಿಂದೆ ಮಕ್ಕಳ ಮಾನಸಿಕ ಆರೋಗ್ಯ ಕುರಿತ ಸಂವಾದ ಕಾರ್ಯಕ್ರಮವೊಂದನ್ನು ಚಿತ್ರೀಕರಿಸುವಾಗ ನನ್ನಿಂದ ಒಂದು ತಪ್ಪಾಯಿತು. ಎಂಟು ವರ್ಷದ ಹುಡುಗನೊಬ್ಬನ ತಾಯಿ ಅತಿಥಿಯಾಗಿ ಬಂದಿದ್ದರು. ನಿರೂಪಕಿಗೆ ನಾನು ಬರೆದುಕೊಟ್ಟಿದ್ದ ಮೂರನೆಯ ಪ್ರಶ್ನೆ ಹೀಗಿತ್ತು: "ಮಗನನ್ನು ಬೆಳೆಸುವಾಗ ಎಲ್ಲಿ ತಪ್ಪಾಯಿತು ಅಂತ ನಿಮಗೆ ಅನ್ನಿಸುತ್ತದೆ?" ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಸುಮ್ಮನೆ ಕೂತರು. ಪಕ್ಕದಲ್ಲಿದ್ದ ಮನೋವೈದ್ಯರು, "ಈ ಪ್ರಶ್ನೆಯೇ ತಲೆಕೆಳಗಾಗಿದೆ" ಎಂದರು. ಕ್ಯಾಮೆರಾ ನಿಲ್ಲಿಸಿದೆವು. ಬಿ.ಎಸ್ಸಿ. ಓದಿ ಬಂದ ನನಗೆ, ಪ್ರಶ್ನೆಯೊಳಗೇ ಒಂದು ತೀರ್ಪು ಕೂತಿದೆ ಎಂಬುದು ಹೊಳೆದಿರಲಿಲ್ಲ.

ಆ ಹುಡುಗನಿಗಿದ್ದದ್ದು ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ವೈದ್ಯರು ಎ.ಡಿ.ಎಚ್.ಡಿ. ಎನ್ನುತ್ತಾರೆ. ಕೂತಲ್ಲಿ ಕೂರುವುದಿಲ್ಲ, ಹೇಳಿದ್ದು ತಲೆಗೆ ಹೋಗುವುದಿಲ್ಲ, ಸರದಿ ಬರುವ ತನಕ ತಡೆಯುವುದಿಲ್ಲ, ದಿನಕ್ಕೊಂದು ಪೆನ್ಸಿಲ್ ಕಳೆದುಕೊಂಡು ಬರುತ್ತಾನೆ. ಇವು ಎಲ್ಲ ಮಕ್ಕಳಲ್ಲೂ ಅಷ್ಟಿಷ್ಟು ಇರುವಂಥವೇ. ಆದರೆ 12 ವರ್ಷ ತುಂಬುವ ಮೊದಲೇ ಕಾಣಿಸಿಕೊಂಡು, ಆರು ತಿಂಗಳಾದರೂ ಬಿಡದೆ, ಮನೆ ಮತ್ತು ಶಾಲೆ ಎರಡು ಕಡೆಯೂ ಮಗುವಿನ ದಿನಚರಿಗೆ ತೊಡಕಾದಾಗ ಅದನ್ನು ತುಂಟತನವೆಂದು ತಳ್ಳಿಹಾಕುವಂತಿಲ್ಲ. ಗಲಾಟೆ ಮಾಡದೆ, ಕಿಟಕಿಯಾಚೆ ನೋಡುತ್ತಾ ಕೂರುವ ಹುಡುಗಿಯರೂ ಈ ಗುಂಪಿನಲ್ಲಿದ್ದಾರೆ. ಅವರು ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟೆ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ನೀಡಿದಾಗ ಬಳಸಿದ ಮಾತು "ನೈತಿಕ ನಿಯಂತ್ರಣದ ದೋಷ" ಎಂದು. ಹೆಸರಿನಲ್ಲೇ ಆಪಾದನೆ ಇತ್ತು ನೋಡಿ.

ಈ ಆಪಾದನೆ ಬಹುಕಾಲ ತಾಯಿಯ ತಲೆಯ ಮೇಲೂ ಕೂತಿತ್ತು. ಇಂಥ ಮಕ್ಕಳ ತಾಯಂದಿರು ಹೆಚ್ಚು ಗದರುತ್ತಾರೆ, ಮಾತು ಮಾತಿಗೆ ಆಜ್ಞೆ ಮಾಡುತ್ತಾರೆ ಎಂದು ಗಮನಿಸಿದವರು, ಅದೇ ಕಾರಣವಿರಬೇಕು ಎಂದುಕೊಂಡರು. ಎರಡು ಸಂಗತಿಗಳು ಜೊತೆಜೊತೆಗೆ ಕಂಡರೆ ಯಾವುದು ಕಾರಣ, ಯಾವುದು ಪರಿಣಾಮ? ಬಾರ್ಕ್‌ಲಿ ಮತ್ತು ಕನಿಂಗ್‌ಹ್ಯಾಮ್ ಎಂಬ ಸಂಶೋಧಕರು 1979ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸೊಗಸಾಗಿ ಬಿಡಿಸುತ್ತದೆ. ಅತಿಚಟುವಟಿಕೆಯ ಹುಡುಗರಿಗೆ ಒಂದು ಅವಧಿಯಲ್ಲಿ ಮೀಥೈಲ್‌ಫೆನಿಡೇಟ್ ಔಷಧಿ, ಇನ್ನೊಂದು ಅವಧಿಯಲ್ಲಿ ಔಷಧಿಯೇ ಇಲ್ಲದ ಹುಸಿ ಗುಳಿಗೆ. ಯಾವಾಗ ಯಾವುದು ಎಂಬುದು ತಾಯಂದಿರಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. ತಾಯಿ-ಮಗ ಜೊತೆಗಿರುವಾಗ ನಡೆದದ್ದನ್ನೆಲ್ಲ ಗುರುತು ಹಾಕಿಕೊಂಡರು. ಔಷಧಿಯ ಅವಧಿಯಲ್ಲಿ ಹುಡುಗರು ಹೇಳಿದ ಮಾತು ಹೆಚ್ಚು ಕೇಳಿದರು. ಅದರ ಜೊತೆಗೇ ತಾಯಂದಿರ ಆಜ್ಞೆಗಳೂ ಕಡಿಮೆಯಾದವು! ಗುಳಿಗೆ ನುಂಗಿದ್ದು ಮಗ; ಬದಲಾದದ್ದು ತಾಯಿ. ಅಂದರೆ ಆ ಗದರಿಕೆಯ ಬಹುಪಾಲು, ಮಗುವಿನ ವರ್ತನೆಗೆ ದಣಿದ ಮನುಷ್ಯಳೊಬ್ಬಳು ಕೊಡುತ್ತಿದ್ದ ಉತ್ತರವಾಗಿತ್ತು.

ಅವಳಿ ಮಕ್ಕಳ ಅಧ್ಯಯನಗಳೂ ಇದೇ ದಿಕ್ಕನ್ನು ತೋರಿಸಿವೆ. ಮಕ್ಕಳ ನಡುವೆ ಈ ಲಕ್ಷಣಗಳಲ್ಲಿ ಕಾಣುವ ವ್ಯತ್ಯಾಸದ ಶೇಕಡಾ 70ರಿಂದ 80 ಭಾಗಕ್ಕೆ ಅನುವಂಶೀಯತೆ ಕಾರಣವೆಂದು ಅವುಗಳ ಲೆಕ್ಕ. ಇದರಲ್ಲಿ ಇನ್ನೊಂದು ಎಳೆಯಿದೆ. ಮಗುವಿಗಿರುವ ತೊಂದರೆ ಎಷ್ಟೋ ಸಲ ತಂದೆಗೋ ತಾಯಿಗೋ ಕೂಡ ಇರುತ್ತದೆ. ಬೀಗದ ಕೈ ಎಲ್ಲಿಟ್ಟೆ ಎಂದು ದಿನವೂ ಹುಡುಕುವ ತಾಯಿಗೆ "ವೇಳಾಪಟ್ಟಿ ಹಾಕಿಕೊಂಡು ಮಗನನ್ನು ನಡೆಸಿ" ಎಂದು ಹೇಳಿ ಕಳಿಸುವುದು ಸುಲಭ.

ಹಾಗಾದರೆ ತಾಯಿಯ ಮನಸ್ಸಿಗೂ ಮಗುವಿನ ಆರೋಗ್ಯಕ್ಕೂ ಸಂಬಂಧವೇ ಇಲ್ಲವೆ? ಇದೆ; ಆದರೆ ನಾವು ತಿಳಿದ ರೀತಿಯಲ್ಲಲ್ಲ. ಅಮೆರಿಕದ ಮಿರ್ನಾ ವೈಸ್‌ಮನ್ ಮತ್ತು ಸಂಗಡಿಗರು ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದ ತಾಯಂದಿರನ್ನೂ ಅವರ ಮಕ್ಕಳನ್ನೂ, ಒಟ್ಟು 151 ಜೋಡಿಗಳನ್ನು, ಅಧ್ಯಯನ ಮಾಡಿ 2006ರಲ್ಲಿ ವರದಿ ಪ್ರಕಟಿಸಿದರು. ಮೂರು ತಿಂಗಳಲ್ಲಿ ಯಾವ ತಾಯಂದಿರ ಖಿನ್ನತೆ ವಾಸಿಯಾಯಿತೋ ಅವರ ಮಕ್ಕಳಲ್ಲಿ ಮಾನಸಿಕ ತೊಂದರೆಗಳ ಪ್ರಮಾಣ ಶೇಕಡಾ 11ರಷ್ಟು ಇಳಿಯಿತು. ವಾಸಿಯಾಗದಿದ್ದವರ ಮಕ್ಕಳಲ್ಲಿ ಶೇಕಡಾ 8ರಷ್ಟು ಏರಿತು. ಇದು ಎ.ಡಿ.ಎಚ್.ಡಿ. ಒಂದನ್ನೇ ಕುರಿತ ಅಧ್ಯಯನವಲ್ಲ, ಜೋಡಿಗಳ ಸಂಖ್ಯೆಯೂ ದೊಡ್ಡದಲ್ಲ. ಆದರೂ ಮಗುವಿಗಾಗಿ ಆಸ್ಪತ್ರೆಗೆ ಬಂದವರು ತಾಯಿಯನ್ನೂ ತೋರಿಸಿಕೊಳ್ಳುವುದು ಲೇಸು ಎನ್ನಲು ಇಷ್ಟು ಸಾಕು.

ನಮ್ಮ ನೆರೆಯ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಅವರ ತಂಡ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ಶೇಕಡಾ 23ರಷ್ಟು ತಾಯಂದಿರಿಗೆ ಖಿನ್ನತೆ ಇತ್ತು. ಬಡತನ, ಗಂಡನ ಹಿಂಸೆ, ಹುಟ್ಟಿದ್ದು ಹೆಣ್ಣುಮಗು ಎಂಬ ಬೇಸರ, ಇವೆಲ್ಲ ಅದರ ಹಿಂದಿದ್ದವು. ಬಾಣಂತಿಗೆ ಎಣ್ಣೆ-ನೀರು, ಪಥ್ಯದ ಊಟ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡುವವರು ನಾವು. ಆಕೆ ಅತ್ತರೆ ಮಾತ್ರ "ಮಗು ಮುಂದೆ ಅಳಬಾರದು" ಎಂದು ಗದರುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ಮಗುವಿನೊಂದಿಗೇ ತಾಯಿಯನ್ನು ಒಳರೋಗಿಯಾಗಿ ಸೇರಿಸಿಕೊಳ್ಳುವ ವಿಭಾಗವನ್ನು ತೆರೆಯಿತು.

ಚಿಕಿತ್ಸೆಯ ವಿಷಯ ಬಂದಾಗ, ಶಾಲೆಗೆ ಸೇರುವ ಮೊದಲಿನ ವಯಸ್ಸಿನಲ್ಲಿ ಪೋಷಕರಿಗೆ ತರಬೇತಿಯೇ ಮೊದಲು, ಗುಳಿಗೆ ಆಮೇಲೆ. ದೊಡ್ಡ ಮಕ್ಕಳಿಗೆ ವೈದ್ಯರು ಎರಡನ್ನೂ ತೂಗಿ ನೋಡುತ್ತಾರೆ. ತರಬೇತಿ ಎಂದರೆ ಪರೀಕ್ಷೆಯೇನಲ್ಲ. ಒಮ್ಮೆಗೆ ಒಂದೇ ಮಾತು ಹೇಳುವುದು, ಮಾಡಿದ ಕೂಡಲೇ ಮೆಚ್ಚುವುದು, ಸಣ್ಣ ತಪ್ಪುಗಳನ್ನು ಕಂಡೂ ಕಾಣದಂತಿರುವುದು, ಇಂಥ ಅಭ್ಯಾಸಗಳು. ತಂದೆಗೂ ಇವು ಬರಬೇಕು. ಅಂದಹಾಗೆ, ಆ ದಿನ ಹುಡುಗನ ತಂದೆಯೂ ಬಂದಿದ್ದರು. ಹೊರಗಿನ ಕೋಣೆಯಲ್ಲಿ ಮಾನಿಟರ್ ನೋಡುತ್ತಾ ಕೂತಿದ್ದರು. ಅವರನ್ನು ಒಳಗೆ ಕರೆಯಬೇಕೆಂದು ನನಗೆ ತೋಚಲಿಲ್ಲ. ತಾವೂ ಬರಬೇಕೆಂದು ಅವರಿಗೂ ತೋಚಲಿಲ್ಲ.

ಮತ್ತೆ ಕ್ಯಾಮೆರಾ ಚಾಲೂ ಮಾಡಿದಾಗ ತಂದೆಗೂ ಒಂದು ಕುರ್ಚಿ ಹಾಕಿಸಿದೆವು. ಮೂರನೆಯ ಪ್ರಶ್ನೆಯನ್ನು ಹೊಡೆದುಹಾಕಿ, ವೈದ್ಯರೇ ಕೇಳಿದರು: "ಅಮ್ಮಾ, ನಿಮಗೆ ರಾತ್ರಿ ನಿದ್ದೆ ಬರುತ್ತದೆಯೆ?" ಆಕೆ ಹೇಳಿದರು: "ಮೂರು ಗಂಟೆಗೆ ಎಚ್ಚರವಾಗಿಬಿಡುತ್ತದೆ ಸಾರ್. ನಾಳೆ ಡೈರಿಯಲ್ಲಿ ಟೀಚರ್ ಏನು ಬರೆದು ಕಳಿಸುತ್ತಾರೋ ಅಂತ." ಗಂಡ ಹೆಂಡತಿಯ ಕಡೆ ತಿರುಗಿ ನೋಡಿದರು. ಅವರಿಗೆ ಇದು ಗೊತ್ತಿರಲಿಲ್ಲ.

ಆಸ್ಪತ್ರೆಗೆ ಹೋಗಲು ಹಿಂಜರಿಕೆಯಿದ್ದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಟೆಲಿ-ಮಾನಸ್ ಸೇವೆ ಉಚಿತ. ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತನಾಡುತ್ತಾರೆ. ಮಗುವಿನ ವಿಷಯ ಹೇಳಿ ಮುಗಿದ ಮೇಲೆ ಫೋನ್ ಇಡಬೇಡಿ. ನಿಮ್ಮ ನಿದ್ದೆಯ ವಿಷಯವನ್ನೂ ಹೇಳಿ.