ಕರಾವಳಿಯ ಪ್ರಾಚೀನಾವಶೇಷಗಳೂ ಭಕ್ತರ ಕರ್ತವ್ಯವೂ



ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶೀರ್ವಾದಗಳ ತಾತ್ಪರ್ಯವು ಸರ್ವವಿದಿತವಾದುದು. ತಾನು ಕೊಡುವುದು ಪುಣ್ಯ. ಅನ್ಯರು ಕೊಟ್ಟುದನ್ನು ಪಾಲಿಸುವುದು ಅದಕ್ಕಿಂತಲೂ ಮಿಗಿಲಾದ ಪುಣ್ಯ. ಈ ತತ್ತ್ವವನ್ನು ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಪುರಾತನ ಅವಶೇಷಗಳಿಗೆ ಅನ್ವಯಿಸಿ ವಿಚಾರಿಸುವುದೇ ಪ್ರಕೃತ ಉಪನ್ಯಾಸದ ಉದ್ದೇಶವು.

ಈ ಸೀಮೆಯು ಮಠದ ಭಕ್ತರಿಗೆ ಪರಕೀಯವಾದುದಲ್ಲ. 1763ರಲ್ಲಿ ಹೈದರನು ಬಿದನೂರನ್ನು ಹಿಡಿಯುವವರೆಗೆ ಇದರ ಬಹುಭಾಗವು ವೀರಶೈವರಾದ ಕೆಳದಿಯ ಅರಸರ ಆಳ್ವಿಕೆಗೆ ಒಳಪಟ್ಟಿದ್ದಿತು. ಹೊನ್ನಾವರದ ಎದುರಿಗೆ ಕಡಲಿನಲ್ಲಿರುವ ಬಸವರಾಜದುರ್ಗವು ತನ್ನ ಹೆಸರಿನಿಂದಲೇ ಆ ಕಾಲವನ್ನು ಸ್ಮರಣೆಗೆ ತರುತ್ತದೆ. ಇದರೊಡನೆ ಗೇರುಸೊಪ್ಪೆಯ ಅಡವಿಯಲ್ಲಿ ನಾಲ್ದೆಸೆಗೂ ಬಾಗಿಲುಳ್ಳ ಚತುರ್ಮುಖ ಬಸದಿ, ಭಟ್ಕಳದ ಕಲ್ಲಿನ ದೇವಾಲಯಗಳು, ಅಘನಾಶಿನಿಯ ಬಳಿಯ ಮಿರ್ಜಾನ ಕೋಟೆ ಮೊದಲಾದುವು ಅಲ್ಲಿ ಉಳಿದಿವೆ. ಒಂದೇ ನೆಲದಲ್ಲಿ ನಾನಾ ಮತಗಳವರು ತಮ್ಮ ಗುರುತನ್ನು ಬಿಟ್ಟುಹೋಗಿರುವರು.

ಇವುಗಳ ಸಂಶೋಧನೆಯು ಹೊಸತಲ್ಲ. 1883ರಲ್ಲಿ ಪ್ರಕಟವಾದ ಮುಂಬಯಿ ಗ್ಯಾಸೆಟಿಯರಿನ ಕನ್ನಡ ಜಿಲ್ಲೆಯ ಸಂಪುಟವು ಊರೂರಿನ ವೃತ್ತಾಂತವನ್ನು ಸಂಗ್ರಹಿಸಿತು. 1926ರಲ್ಲಿ ಹೆನ್ರಿ ಕಸೆನ್ಸರು ಕನ್ನಡ ಜಿಲ್ಲೆಗಳ ವಾಸ್ತುಶಿಲ್ಪವನ್ನು ಕುರಿತ ತಮ್ಮ ಗ್ರಂಥದಲ್ಲಿ ಭಟ್ಕಳ, ಗೇರುಸೊಪ್ಪೆಗಳ ಕಟ್ಟಡಗಳನ್ನೂ ವರ್ಣಿಸಿದರು. 2000-01ರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯು ಮಿರ್ಜಾನದಲ್ಲಿ ಉತ್ಖನನ ನಡೆಸಿದಾಗ ಕಬ್ಬಿಣದ ಗುಂಡುಗಳು, ಚೀನಾ ಪಿಂಗಾಣಿಯ ಚೂರುಗಳು, ಪೋರ್ತುಗೀಸರ ಒಂದು ಚಿನ್ನದ ನಾಣ್ಯ ಇವೆಲ್ಲ ದೊರೆತವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ನಾಣ್ಯವು ನಿಧಿಗಳ್ಳನ ಕೈಸೇರಿದ್ದರೆ ಅದರ ಬೆಲೆಯು ತೂಕದ ಚಿನ್ನವಷ್ಟೇ. ಯಾವ ಪದರದ ಮಣ್ಣಿನಲ್ಲಿ, ಯಾವ ಗೋಡೆಯ ಮಗ್ಗುಲಲ್ಲಿ, ಯಾವ ಮಡಕೆಯ ಚೂರಿನೊಡನೆ ದೊರೆಯಿತೆಂಬುದನ್ನು ಬರೆದಿಟ್ಟುಕೊಂಡಾಗಲೇ ಅದು ಚರಿತ್ರೆಗೆ ಸಾಕ್ಷಿಯಾಗುವುದು. ಸ್ಥಾನಭ್ರಷ್ಟವಾದ ವಸ್ತುವು ಮೂಕಸಾಕ್ಷಿಯಂತೆ ನಿರುಪಯೋಗಿಯು.

ಈ ಅವಶೇಷಗಳಿಗೆ ಶತ್ರುಗಳು ಮೂವರು. ಮೊದಲನೆಯದು ಮಳೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದರಿಂದ ಪಾಚಿ ಹಬ್ಬಿ, ಆಲ-ಅತ್ತಿಗಳು ಬೇರಿಳಿಸಿ, ಚಿರೇಕಲ್ಲಿನ ಗೋಡೆಗಳು ಬಿರಿಯುತ್ತವೆ. ಎರಡನೆಯದು ನಿಧಿಯ ದುರಾಶೆ. ಮೂರನೆಯದಾದ ಅವಿವೇಕದ ಜೀರ್ಣೋದ್ಧಾರವು ಭಕ್ತಿಯ ವೇಷದಲ್ಲಿ ಬರುವುದರಿಂದ ಮಿಕ್ಕೆರಡಕ್ಕಿಂತಲೂ ಭಯಂಕರವಾದುದು.

ಸದುದ್ದೇಶವುಳ್ಳ ಭಕ್ತರು ಹಣ ಕೂಡಿಸಿ ಹಳೆಯ ಗುಡಿಯ ಗೋಡೆಗೆ ಸಿಮೆಂಟು ಬಳಿಯಿಸುವರು. ಹಳೆಯ ಸುಣ್ಣದ ಗಾರೆಯು ಒಳಗಿನ ತೇವವನ್ನು ಹೊರಬಿಡುವುದು; ಸಿಮೆಂಟು ಅದನ್ನು ಒಳಗೇ ತಡೆಹಿಡಿದು ಕಲ್ಲನ್ನು ಕೊರೆಯುವುದು. ಶಾಸನಕ್ಕೆ ಬಣ್ಣ ಹಚ್ಚಿದರೆ ಅಕ್ಷರಗಳ ಗೀರು ಮುಚ್ಚಿಹೋಗುವುದು. ಅನಂತರ ತೆಗೆಯುವ ಪಡಿಯಚ್ಚಿನಲ್ಲಿ ಅವು ಮೂಡಲಾರವು. ಶಾಸನದ ಕಲ್ಲನ್ನು ಮೆಟ್ಟಿಲಿಗೋ ಅಗಸೆಗಲ್ಲಿಗೋ ಹಾಕಿದರಂತೂ ನಡೆಯುವವರ ಪಾದವೇ ದಾನಿಯ ಹೆಸರನ್ನು ಅಳಿಸುವುದು. ಒಂದು ಕಲ್ಲು ಅಳಿದರೆ ಒಂದು ಊರಿನ ಹೆಸರು, ಒಂದು ಮಠದ ಉಂಬಳಿ, ಒಬ್ಬ ಗುರುವಿನ ಪರಂಪರೆ ಅದರೊಡನೆ ಅಳಿಯಬಹುದು. ಕಳೆದ ತಾಮ್ರಪಟಕ್ಕೆ ನಕಲಾದರೂ ಇದ್ದೀತು. ಓದುವ ಮೊದಲೇ ಒಡೆದ ಕಲ್ಲಿಗೆ ನಕಲೆಲ್ಲಿಯದು?

ರಾಜಶಾಸನದ ಬಲವೂ ಇದಕ್ಕುಂಟು. 1958ರ ಕೇಂದ್ರದ ಕಾಯಿದೆಯೂ 1961ರ ರಾಜ್ಯದ ಕಾಯಿದೆಯೂ ಸ್ಮಾರಕಗಳನ್ನು ರಕ್ಷಿಸುತ್ತವೆ. 2010ರ ತಿದ್ದುಪಡಿಯಂತೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರುಗಳೊಳಗೆ ಹೊಸ ಕಟ್ಟಡವು ನಿಷಿದ್ಧವು. ಆದರೆ ಹೊಲದ ಬದುವಿನಲ್ಲಿ ನಿಂತ ಪ್ರತಿಯೊಂದು ವೀರಗಲ್ಲಿಗೂ ಕಾವಲುಗಾರನನ್ನು ಇಡಲು ಯಾವ ಸರಕಾರದಿಂದಲೂ ಸಾಧ್ಯವಿಲ್ಲ. ಅಲ್ಲಿ ಊರವರೇ ಕಾವಲುಗಾರರು.

ಆದುದರಿಂದ ಭಕ್ತರು ಮಾಡತಕ್ಕುದು ಕಷ್ಟಸಾಧ್ಯವಾದುದೇನೂ ಅಲ್ಲ. ಕಲ್ಲನ್ನು ಕಿತ್ತು ಸಾಗಿಸದಿರುವುದು. ಅಕ್ಷರಗಳನ್ನು ಉಳಿಯಿಂದ ಕೆರೆಯದಿರುವುದು. ಗೋಡೆಯ ಮೇಲಣ ಸಸಿಯನ್ನು ಎಳೆಯದಿರುವಾಗಲೇ ಅಲ್ಲ, ಎಳೆಯದಾಗಿರುವಾಗಲೇ ತೆಗೆಯಿಸುವುದು. ನೆಲದಲ್ಲಿ ದೊರೆತುದನ್ನು ಅಧಿಕಾರಿಗಳಿಗೆ ತಿಳಿಸುವುದು. ಜೀರ್ಣೋದ್ಧಾರಕ್ಕೆ ಮೊದಲು ಬಲ್ಲವರನ್ನು ಕರೆಯಿಸಿ ಪಡಿಯಚ್ಚು ತೆಗೆಯಿಸುವುದು. ಇಷ್ಟು ನಡೆದರೆ ಪೂರ್ವಿಕರ ದಾನಕ್ಕೆ ಇಂದಿನವರ ಪಾಲನೆಯು ಸೇರಿದಂತಾಗುವುದು.

ಹೊಸ ಗೋಪುರವನ್ನು ಮುಂದಿನವರೂ ಕಟ್ಟಬಲ್ಲರು. ಹಳೆಯ ಶಾಸನವನ್ನು ಮತ್ತೆ ಬರೆಯಿಸಲು ಯಾರಿಂದಲೂ ಆಗದು. ಈ ವಿವೇಕವು ಸರ್ವರಲ್ಲಿಯೂ ನೆಲೆಗೊಳ್ಳಲಿ.

ಶಿವಾರ್ಪಣಮಸ್ತು.