ನದಿಯ ರಕ್ಷಣೆಯಲ್ಲಿ ಪೌರನ ಪಾತ್ರ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಊರಿನ ನದಿ ಕೆಟ್ಟಾಗ ನಾವು ಸರ್ಕಾರವನ್ನು ದೂಷಿಸುತ್ತೇವೆ, ಕಾರ್ಖಾನೆಯನ್ನು ಶಪಿಸುತ್ತೇವೆ, ಇದಕ್ಕೆ ಕಾನೂನಿಲ್ಲವೇ ಎಂದು ಕೇಳುತ್ತೇವೆ. ಕಾನೂನು ಇದೆ. ಆದರೆ ಅದು ತಾನಾಗಿ ನಡೆಯುವುದಿಲ್ಲ. ಅದನ್ನು ನಡೆಸುವ ಅಧಿಕಾರದ ಒಂದು ಪಾಲು ಸಾಮಾನ್ಯ ಪೌರನ ಕೈಯಲ್ಲಿಯೂ ಇದೆ ಎಂಬುದನ್ನು ತಮ್ಮ ಗಮನಕ್ಕೆ ತರುವುದೇ ನನ್ನ ಉದ್ದೇಶ.

ಕಾನ್ಪುರದ ಚರ್ಮ ಹದಮಾಡುವ ಕಾರ್ಖಾನೆಗಳು ತಮ್ಮ ಕೊಳಚೆಯನ್ನು ಗಂಗೆಗೆ ಬಿಡುತ್ತಿದ್ದವು. 1985ರಲ್ಲಿ ವಕೀಲ ಎಂ. ಸಿ. ಮೆಹತಾ ಅವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಕನ್ನಡಿಗರಾದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯ ಹಾಗೂ ನ್ಯಾಯಮೂರ್ತಿ ಕೆ. ಎನ್. ಸಿಂಗ್ ಅವರ ಪೀಠವು 1987ರ ಸೆಪ್ಟೆಂಬರಿನಲ್ಲಿ, ಪ್ರಾಥಮಿಕ ಶುದ್ಧೀಕರಣ ಘಟಕವಿಲ್ಲದ ಕಾರ್ಖಾನೆಗಳು ಬಾಗಿಲು ಮುಚ್ಚಬೇಕೆಂದು ಆಜ್ಞಾಪಿಸಿತು. ಕನಿಷ್ಠ ಕೂಲಿ ಕೊಡಲಾರದ ಉದ್ಯಮಕ್ಕೆ ಹೇಗೆ ಉಳಿಯುವ ಹಕ್ಕಿಲ್ಲವೋ, ಕೊಳಚೆಯನ್ನು ಶುದ್ಧಗೊಳಿಸಲಾರದ ಕಾರ್ಖಾನೆಗೂ ಹಾಗೆಯೇ ಎಂಬುದು ಅದರ ತರ್ಕ. ಇದರಿಂದ ಕೆಲವರ ಉದ್ಯೋಗ ಹೋಗಬಹುದೆಂಬುದನ್ನು ನ್ಯಾಯಾಲಯ ಮರೆಯಲಿಲ್ಲ. ಜನರ ಜೀವ ಮತ್ತು ಆರೋಗ್ಯಗಳು ಅದಕ್ಕಿಂತ ಮಿಗಿಲೆಂದಿತು. 1988ರ ಜನವರಿಯಲ್ಲಿ ಕಾನ್ಪುರದ ನಗರಾಡಳಿತಕ್ಕೂ ಕರ್ತವ್ಯವನ್ನು ವಿಧಿಸಿತು. ಅರ್ಜಿದಾರರು ನದೀತೀರದ ಜಮೀನುದಾರರಲ್ಲದಿದ್ದರೂ, ಗಂಗೆಯ ನೀರನ್ನು ಬಳಸುವವರ ಹಿತಕ್ಕಾಗಿ ಬಂದಿರುವ ಅವರಿಗೆ ಕೇಳುವ ಹಕ್ಕುಂಟು ಎಂದು ಎತ್ತಿಹಿಡಿಯಿತು.

ಆ ತೀರ್ಪುಗಳಿಂದಲೇ ಗಂಗೆ ಶುದ್ಧಳಾಗಲಿಲ್ಲ. ತೀರ್ಪಿನ ಬಳಿಕವೂ ಕಾವಲು ಬೇಕೆಂಬುದೇ ಅದರ ಪಾಠ.

ನಮ್ಮ ಕೈಯಲ್ಲಿರುವ ಮುಖ್ಯ ಸಾಧನವು 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮ. ಇದು ಆರಂಭದಲ್ಲೇ ಅನ್ವಯವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೊದಲು ಮಾಲಿನ್ಯ ಮಂಡಳಿಯ ದೂರು ಅಥವಾ ಅನುಮತಿಯಿಲ್ಲದೆ ಮೊಕದ್ದಮೆ ಸಾಧ್ಯವಿರಲಿಲ್ಲ. 1988ರ ತಿದ್ದುಪಡಿ ಆ ಬಾಗಿಲನ್ನು ಪೌರನಿಗೂ ತೆರೆಯಿತು. ಆದರೆ ಕ್ರಮ ತಪ್ಪಿದರೆ ದೂರು ನಿಲ್ಲದು.

ಮೊದಲನೆಯದಾಗಿ, ಕಾರ್ಖಾನೆಗೆ ಯಾವ ಷರತ್ತಿನ ಮೇಲೆ ಸಮ್ಮತಿ ನೀಡಲಾಗಿದೆಯೆಂದು ತಿಳಿಯಬೇಕು. ಸಮ್ಮತಿಗಳ ನೋಂದಣಿ ಪುಸ್ತಕವನ್ನು ಬಾಧಿತರು ನೋಡಬಹುದೆಂದು ಅಧಿನಿಯಮವೇ ಹೇಳುತ್ತದೆ. 2005ರ ಮಾಹಿತಿ ಹಕ್ಕಿನ ಅಧಿನಿಯಮದಡಿ ಅರ್ಜಿ ಹಾಕಿದರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು.

ಎರಡನೆಯದಾಗಿ, ನಾವೇ ಸೀಸೆಯಲ್ಲಿ ತುಂಬಿತಂದ ಕೊಳಚೆನೀರು ಈ ಅಧಿನಿಯಮದ ದೃಷ್ಟಿಯಲ್ಲಿ ಸಾಕ್ಷ್ಯವಾಗದು. ಅಧಿಕಾರಿಗಳು ಕಾರ್ಖಾನೆಯವರಿಗೆ ಸೂಚನೆ ಕೊಟ್ಟು, ಮಾದರಿಯನ್ನು ವಿಭಾಗಿಸಿ, ಮೊಹರು ಹಾಕಿ, ಪರೀಕ್ಷೆಗೆ ಕಳುಹಿಸಬೇಕು. ಆದುದರಿಂದ ಕೊಳಚೆ ಬಿಡುವ ಸ್ಥಳ, ದಿನ, ವೇಳೆಗಳನ್ನು ಬರೆದಿಟ್ಟು, ಮಾದರಿ ತೆಗೆಯುವಂತೆ ಮಂಡಳಿಯನ್ನು ಲಿಖಿತವಾಗಿ ಒತ್ತಾಯಿಸಿರಿ, ಸ್ವೀಕೃತಿಯನ್ನು ಜೋಪಾನವಾಗಿಡಿರಿ.

ಮೂರನೆಯದಾಗಿ, ಮಂಡಳಿ ಸುಮ್ಮನಿದ್ದರೆ 60 ದಿನಗಳಿಗೆ ಕಡಿಮೆಯಿಲ್ಲದ ನೋಟೀಸು ಕೊಟ್ಟು ನಾವೇ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು. ಆಗ ಮಂಡಳಿಯು ತನ್ನಲ್ಲಿರುವ ವರದಿಗಳನ್ನು ಕೇಳಿದವರಿಗೆ ಒದಗಿಸಬೇಕು. ಸಾರ್ವಜನಿಕ ಹಿತಕ್ಕೆ ವಿರುದ್ಧವೆನಿಸಿದರೆ ಮಾತ್ರ ನಿರಾಕರಿಸಬಹುದು. 2024ರ ತಿದ್ದುಪಡಿಯು ಅನೇಕ ತಪ್ಪುಗಳಿಗೆ ಸೆರೆವಾಸದ ಬದಲು ಹಣದ ದಂಡವನ್ನು ತಂದಿದೆ. ಅದನ್ನು ಅಂಗೀಕರಿಸಿದ ರಾಜ್ಯಗಳಿಗೆ ಅದು ಅನ್ವಯಿಸುವುದರಿಂದ ವಕೀಲರೊಡನೆ ವಿಚಾರಿಸಿ ಮುಂದುವರಿಯುವುದು ಲೇಸು.

2010ರ ಅಧಿನಿಯಮದಂತೆ ಸ್ಥಾಪಿತವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇನ್ನೊಂದು ದಾರಿ. ಅದರ ದಕ್ಷಿಣ ಪೀಠ ಚೆನ್ನೈಯಲ್ಲಿದೆ. ವ್ಯಾಜ್ಯದ ಕಾರಣ ಮೊದಲು ಉಂಟಾದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಪರಿಹಾರಕ್ಕಾದರೆ 5 ವರ್ಷಗಳ ಅವಕಾಶವಿದೆ. ತಡಮಾಡಿದವನಿಗೆ ಕಾನೂನು ಕೈಕೊಡುತ್ತದೆ.

ಸಹೋದರ ಸಹೋದರಿಯರೇ, ನದಿಗಳನ್ನು ಕಾಪಾಡುವುದು ಪ್ರತಿಯೊಬ್ಬ ಪೌರನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ಅನುಚ್ಛೇದ ಸಾರುತ್ತದೆ. ಒಬ್ಬನೇ ದೂರು ಕೊಟ್ಟರೆ ಒತ್ತಡಕ್ಕೆ ಬಾಗಬಹುದು. ಕೃಷಿಕರು, ಮೀನುಗಾರರು, ಶಿಕ್ಷಕರು, ವಕೀಲರು ಜೊತೆಗೂಡಿ ಬರೆದ ಕಾಗದವನ್ನು ಕಸದಬುಟ್ಟಿಗೆ ಎಸೆಯುವುದು ಸುಲಭವಲ್ಲ. ಕಾರ್ಖಾನೆಯ ಕೆಲಸಗಾರರನ್ನೂ ಶತ್ರುಗಳೆಂದು ಎಣಿಸದೆ ಜೊತೆಗೆ ಕರೆಯೋಣ. ಅವರ ಮಕ್ಕಳು ಕುಡಿಯುವುದೂ ಇದೇ ನೀರನ್ನೇ. ಹಿರಿಯರಿಂದ ನಮಗೆ ಬಂದ ನದಿಯನ್ನು ಕಿರಿಯರಿಗೆ ಒಪ್ಪಿಸುವ ಹೊಣೆ ನಮ್ಮದೆಂದು ವಿನಂತಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.